ಹನ್ನೊಂದನೆಯ ಇಯತ್ತೆಯ ಬಾಗಿಲು: ಗೋವಾದ ಕಥೆ, ನಮ್ಮ ಮಕ್ಕಳ ಕಥೆ

ಪ್ಯಾಟಿಯವರಿಗೆ ಗೋವಾ ಅಂದರೆ ಸಮುದ್ರದ ದಂಡೆ, ನಾಲ್ಕು ದಿನದ ಮೋಜು. ನಮ್ಮ ಭಾಗದ ಹಳ್ಳಿಯವರಿಗೆ ಗೋವಾ ಅಂದರೆ ದುಡಿಮೆ. ಮಳೆ ಕೈಕೊಟ್ಟ ವರ್ಷ, ಸಾಲ ತಲೆಯ ಮೇಲೆ ಬಂದ ವರ್ಷ ಹಾಸಿಗೆ ಸುತ್ತಿಕೊಂಡು ರಾತ್ರಿ ಬಸ್ ಹತ್ತಿದರೆ ಬೆಳಗಾಗುವುದರೊಳಗೆ ಘಟ್ಟ ಇಳಿದಿರುತ್ತಾರೆ. ವಾಸ್ಕೋದ ಬೈನಾ, ಝುವಾರಿನಗರ, ಮಡಗಾಂವದ ಮೋತಿ ಡೋಂಗರ, ಪಣಜಿ ಹತ್ತಿರದ ಚಿಂಬಲ್, ಈ ಹೆಸರುಗಳು ನಮ್ಮ ಓಣಿಯ ಮುದುಕಿಯರಿಗೂ ಬಾಯಿಪಾಠ. ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳ, ಬೆಳಗಾವಿ ಜಿಲ್ಲೆಗಳ ಹಳ್ಳಿಗಳಿಂದ ಹೋದವರು ಅಲ್ಲೇ ನೆಲೆ ನಿಂತು ಎರಡು ಮೂರು ತಲೆಮಾರು ಆಗಿವೆ. 2011ರ ಜನಗಣತಿಯಲ್ಲಿ ಗೋವಾದ ಸುಮಾರು 14 ಲಕ್ಷ 58 ಸಾವಿರ ಜನರಲ್ಲಿ ಹತ್ತಿರ ಹತ್ತಿರ 68 ಸಾವಿರ ಮಂದಿ ತಮ್ಮ ತಾಯಿನುಡಿ ಕನ್ನಡ ಎಂದು ಬರೆಸಿದ್ದಾರೆ. ಅಂದರೆ ನೂರು ಮಂದಿಯಲ್ಲಿ ಐದಕ್ಕೆ ಸ್ವಲ್ಪ ಕಡಿಮೆ.

ಈ 68 ಸಾವಿರ ಜನರ ಮಕ್ಕಳು ಅಲ್ಲಿ ಶಾಲೆಗೆ ಹೋಗುತ್ತಾರೆ. ಹತ್ತನೆಯ ಇಯತ್ತೆ ಪಾಸಾಗುತ್ತಾರೆ. ಆಮೇಲೆ? ಮುಂದಿನ ಬಾಗಿಲು ಹನ್ನೊಂದನೆಯದು. ಅದರೊಳಗೆ ಯಾರನ್ನು ಬಿಡುತ್ತಾರೆ, ಯಾರನ್ನು ಹೊರಗೆ ನಿಲ್ಲಿಸುತ್ತಾರೆ, ಮೊದಲು ಹೇಗಿತ್ತು, ಈಗ ಹೇಗಿದೆ ಎಂಬುದನ್ನು ಈ ಲೇಖನದಲ್ಲಿ ನೋಡೋಣ. ಇದು ಗೋವಾದ ಇತಿಹಾಸವಾದರೂ ನಮ್ಮ ಮನೆಯ ಲೆಕ್ಕವೂ ಹೌದು.

ಮೊದಲು ಈ ಎರಡು ವರ್ಷದ ಓದು ಏನು ಅನ್ನೋದು ತಿಳಿಯಬೇಕು. ಹದಿನಾರರಿಂದ ಹದಿನೆಂಟರ ವಯಸ್ಸಿನ ಈ ಓದಿಗೆ ನಮ್ಮಲ್ಲಿ ಪಿ.ಯು.ಸಿ. ಅನ್ನುತ್ತಾರೆ, ಗೋವಾದಲ್ಲಿ ಹೈಯರ್ ಸೆಕೆಂಡರಿ, ಇಂಗ್ಲೆಂಡಿನಲ್ಲಿ ಸಿಕ್ಸ್ತ್ ಫಾರ್ಮ್. ಹೆಸರು ಬೇರೆ, ಕೆಲಸ ಒಂದೇ. ಹುಡುಗ ಅಥವಾ ಹುಡುಗಿ ವಿಜ್ಞಾನಕ್ಕೋ, ವಾಣಿಜ್ಯಕ್ಕೋ, ಕಲೆಗೋ, ಕೈಕಸುಬಿಗೋ ಎಂದು ದಾರಿ ಕವಲೊಡೆಯುವುದು ಇಲ್ಲಿ. ಹತ್ತನೆಯವರೆಗೆ ಎಲ್ಲರೂ ಒಂದೇ ದಾರಿಯಲ್ಲಿ ನಡೆಯುತ್ತಾರೆ. ಹನ್ನೊಂದರ ಹೊಸ್ತಿಲಲ್ಲಿ ಆರಿಸುವ ಕೆಲಸ ಶುರು. ಅದಕ್ಕೇ ಈ ಹೊಸ್ತಿಲಿನಲ್ಲಿ ಏನು ಕೇಳುತ್ತಾರೆ ಎಂಬುದರ ಮೇಲೆ ಒಂದು ಸಮಾಜ ಯಾರನ್ನು ಮೇಲೆ ತರಲು ಮನಸ್ಸು ಮಾಡಿದೆ ಎಂಬುದು ತಿಳಿಯುತ್ತದೆ.

ಗೋವಾದಲ್ಲಿ ಕಳೆದ ನೂರೈವತ್ತು, ನೂರೆಪ್ಪತ್ತು ವರ್ಷದಲ್ಲಿ ಈ ಬಾಗಿಲಿನ ಕೀಲಿ ನಾಲ್ಕು ಸಲ ಬದಲಾಗಿದೆ. ಮೊದಲ ಕೀಲಿ ಭಾಷೆ. ಎರಡನೆಯದು ರೊಕ್ಕ. ಮೂರನೆಯದು ಅಂಕ. ನಾಲ್ಕನೆಯದು ಕಾಗದ. ಬಾಗಿಲಿನ ಮೇಲೆ ಮಾತ್ರ ಎಲ್ಲ ಕಾಲದಲ್ಲೂ "ಯೋಗ್ಯತೆ" ಅಂತಲೇ ಬರೆದಿತ್ತು.

ಒಂದೊಂದಾಗಿ ನೋಡೋಣ.

ಗೋವಾಕ್ಕೂ ನಮಗೂ ನಂಟು ಹಳೆಯದು. ಗೋವೆಯ ಕದಂಬರ ಕಾಲದ ಶಾಸನಗಳಲ್ಲಿ ಕನ್ನಡವಿದೆ. 1510ರಲ್ಲಿ ಪೋರ್ಚುಗೀಸರ ಆಲ್ಬುಕರ್ಕ್ ಗೋವಾವನ್ನು ಕಿತ್ತುಕೊಂಡದ್ದು ನಮ್ಮ ವಿಜಾಪುರದ ಆದಿಲ್‌ಶಾಹಿಯ ಕೈಯಿಂದ. ಅಲ್ಲಿಂದ 1961ರ ಡಿಸೆಂಬರ್ 19ರವರೆಗೆ, 451 ವರ್ಷ, ಅಲ್ಲಿ ಪೋರ್ಚುಗೀಸರ ಆಳ್ವಿಕೆ. ಆಳುವವರ ಭಾಷೆಯೇ ಓದಿನ ಭಾಷೆ ಆಗಬೇಕು ಎಂಬ ಹಟ ಅವರಲ್ಲಿ ಮೊದಲಿನಿಂದ ಇತ್ತು. 1684ರಲ್ಲಿ ಅಲ್ಲಿನ ವೈಸರಾಯ್ ಹುಕುಂ ಹೊರಡಿಸಿ, ಮೂರು ವರ್ಷದೊಳಗೆ ಜನ ಕೊಂಕಣಿ ಬಿಟ್ಟು ಪೋರ್ಚುಗೀಸ್ ಆಡಬೇಕು ಎಂದಿದ್ದ. ಮನೆಯ ಮಾತು ಹುಕುಮಿನಿಂದ ಸಾಯುವುದಿಲ್ಲ, ಕೊಂಕಣಿ ಉಳಿಯಿತು. ಆದರೆ ಕಚೇರಿಯ ಬಾಗಿಲು, ಶಾಲೆಯ ಬಾಗಿಲು ಪೋರ್ಚುಗೀಸಿನದೇ ಆಯಿತು.

1842ರಲ್ಲಿ ಪಣಜಿಯಲ್ಲಿ ವೈದ್ಯಕೀಯ ಶಾಲೆ ಶುರುವಾಯಿತು. 1854ರಲ್ಲಿ ಲಿಸೇವು ಎಂಬ ದೊಡ್ಡ ಸರ್ಕಾರಿ ಶಾಲೆ ಬಂತು. ಪೋರ್ಚುಗಲ್ಲಿನ ಲಿಸ್ಬನ್ನಿನಲ್ಲಿ ಏನು ಕಲಿಸುತ್ತಿದ್ದರೋ ಇಲ್ಲೂ ಅದೇ ಪಾಠ. ಇಪ್ಪತ್ತನೆಯ ಶತಮಾನದ ನಡುವಿಗೆ ಲಿಸೇವಿನ ಓದು ಏಳು ವರ್ಷದ್ದಾಗಿತ್ತು. ಎರಡು ವರ್ಷದ ಮೊದಲ ಸುತ್ತು, ಮೂರು ವರ್ಷದ ಎರಡನೆಯ ಸುತ್ತು, ಕೊನೆಗೆ ಆರನೆಯ ಮತ್ತು ಏಳನೆಯ ವರ್ಷದ ಮೂರನೆಯ ಸುತ್ತು. ಈ ಕೊನೆಯ ಎರಡು ವರ್ಷದಲ್ಲಿ ವಿದ್ಯಾರ್ಥಿ ಸಾಹಿತ್ಯದ ಕಡೆಗೋ ವಿಜ್ಞಾನದ ಕಡೆಗೋ ಎಂದು ಆರಿಸಿಕೊಳ್ಳಬೇಕು. ಮುಂದೆ ಯಾವ ಪದವಿಗೆ ಹೋಗಬಹುದು ಎಂಬುದು ಆ ಆಯ್ಕೆಯ ಮೇಲೆ ನಿಂತಿತ್ತು. ನಮ್ಮ ಇವತ್ತಿನ ಹನ್ನೊಂದು ಹನ್ನೆರಡಕ್ಕೆ ಗೋವಾದ ಅಜ್ಜ ಎಂದರೆ ಲಿಸೇವಿನ ಈ ಆರು ಮತ್ತು ಏಳನೆಯ ವರ್ಷ.

ಅಲ್ಲಿಯವರೆಗೆ ತಲುಪುವವರು ಯಾರು? ಲಿಸೇವಿಗೆ ಸೇರಬೇಕಾದರೆ ಮೊದಲು ಪೋರ್ಚುಗೀಸ್ ಪ್ರಾಥಮಿಕ ಶಾಲೆ ಮುಗಿಸಬೇಕು, ಆಮೇಲೆ ಪ್ರವೇಶ ಪರೀಕ್ಷೆ ಬರೆಯಬೇಕು. ಪರೀಕ್ಷೆ ಎಲ್ಲರಿಗೂ ಒಂದೇ. ಆದರೆ ಮನೆಯಲ್ಲಿ ಊಟದ ಹೊತ್ತಿಗೆ ಪೋರ್ಚುಗೀಸ್ ಮಾತಾಡುವ ಭಾಟಕಾರನ ಮಗನಿಗೂ, ಆ ಭಾಟಕಾರನ ತೋಟದಲ್ಲಿ ತೆಂಗಿನಕಾಯಿ ಕೆಡವುವವನ ಮಗನಿಗೂ ಅದು ಒಂದೇ ಪರೀಕ್ಷೆ ಹೇಗಾದೀತು? (ಭಾಟಕಾರ ಅಂದರೆ ಅಲ್ಲಿನ ಜಮೀನ್ದಾರ.) ಹಿಂದೂ ಹಳ್ಳಿಗಳಲ್ಲಿ ಮಕ್ಕಳು ಮರಾಠಿ ಪಂತೋಜಿಯ ಹತ್ತಿರ ಅಕ್ಷರ ಕಲಿಯುತ್ತಿದ್ದರು. ಆ ಅಕ್ಷರ ಲಿಸೇವಿನ ಬಾಗಿಲಲ್ಲಿ ನಡೆಯುತ್ತಿರಲಿಲ್ಲ. ಇದು ಮೊದಲ ಕೀಲಿ, ಭಾಷೆ.

ಹಾಗಾದರೆ ಉಳಿದವರು ಏನು ಮಾಡಿದರು? ಸುಮ್ಮನೆ ಕೂಡಲಿಲ್ಲ. ಘಟ್ಟದ ಆಚೆ ಬ್ರಿಟಿಷರ ಹಿಂದೂಸ್ತಾನ ಇತ್ತು. 1857ರಲ್ಲಿ ಮುಂಬಯಿ ವಿಶ್ವವಿದ್ಯಾಲಯ ಶುರುವಾಗಿ ಮ್ಯಾಟ್ರಿಕ್ ಪರೀಕ್ಷೆ ನಡೆಸುತ್ತಿತ್ತು. ಮ್ಯಾಟ್ರಿಕ್ ಪಾಸಾದವನಿಗೆ ಮುಂಬಯಿಯಲ್ಲಿ, ರೈಲ್ವೆಯಲ್ಲಿ, ಹಡಗಿನಲ್ಲಿ, ಆಫ್ರಿಕಾದಲ್ಲಿ ಕಾರಕೂನಿಕೆ ಸಿಗುತ್ತಿತ್ತು. ಅದಕ್ಕೆ ಇಂಗ್ಲಿಷ್ ಬೇಕು. 1887ರಲ್ಲಿ ಬಾರ್ದೇಶದ ಆರ್ಪೋರಾ ಎಂಬ ಹಳ್ಳಿಯಲ್ಲಿ ವಿಲಿಯಂ ಲಾಯನ್ಸ್ ಎಂಬ ಪಾದ್ರಿ ಸೇಂಟ್ ಜೋಸೆಫ್ ಶಾಲೆ ತೆರೆದರು. ಅದು ಗೋವಾದಲ್ಲಿ ಇಂಗ್ಲಿಷ್ ಶಾಲೆಗಳ ಕಾಲದ ಆರಂಭ. ಮುಂದೆ ಪಣಜಿ, ಮಡಗಾಂವ, ಫೋಂಡಾ ಕಡೆ ಜನರೇ ಹಣ ಕೂಡಿಸಿ ಇಂಥ ಶಾಲೆಗಳನ್ನು ಕಟ್ಟಿದರು. ಪಣಜಿಯ ಒಂದು ಸಂಸ್ಥೆಯ ಹೆಸರೇ ಮುಷ್ಟಿಫಂಡ್. 1908ರ ಹೊತ್ತಿಗೆ ಹುಟ್ಟಿದ ಸಂಸ್ಥೆ ಅದು. ಮನೆ ಮನೆಯಿಂದ ಒಂದೊಂದು ಮುಷ್ಟಿ ಕೂಡಿಸುವ ಪದ್ಧತಿ ನಮ್ಮ ಮಠಗಳಿಗೂ ಹೊಸದಲ್ಲ.

1888ರಲ್ಲಿ ಮುರಗಾಂವ ಬಂದರಿನಿಂದ ಕ್ಯಾಸಲ್‌ರಾಕ್ ಘಟ್ಟ ಹತ್ತಿ ಲೋಂಡಾ ಕಡೆಗೆ ರೈಲು ಬಂತು. ಈಗ ಗೋವಾದ ಹುಡುಗ ಟ್ರಂಕು ಹಿಡಿದು ಬೆಳಗಾವಿಗೋ ಧಾರವಾಡಕ್ಕೋ ಪುಣೆಗೋ ಬರಬಹುದು. ಧಾರವಾಡದಲ್ಲಿ 1917ರಲ್ಲಿ ಕರ್ನಾಟಕ ಕಾಲೇಜು ಶುರುವಾಯಿತು. ಬೆಳಗಾವಿಯಲ್ಲಿ 1933ರಲ್ಲಿ ಕೆ.ಎಲ್.ಇ. ಸಂಸ್ಥೆಯ ಲಿಂಗರಾಜ ಕಾಲೇಜು. ನಮ್ಮ ಕಡೆಯ ಮುಲ್ಕಿ, ಮ್ಯಾಟ್ರಿಕ್ ಪಾಸಾದ ಹಿರಿಯರು ಓದಿದ ಊರುಗಳಲ್ಲೇ ಗೋವಾದ ಹುಡುಗರೂ ರೂಮು ಹಿಡಿದು ಓದುವಂತಾಯಿತು. ಇವತ್ತು ನಮ್ಮವರು ಘಟ್ಟ ಇಳಿಯುತ್ತಾರೆ, ಅಂದು ಅವರು ಓದಿಗಾಗಿ ಘಟ್ಟ ಹತ್ತುತ್ತಿದ್ದರು. ಇದನ್ನು ಎರಡೂ ಕಡೆಯವರು ಮರೆಯಬಾರದು.

ಆದರೆ ಘಟ್ಟ ಹತ್ತಲು ರೊಕ್ಕ ಬೇಕು. ರೈಲಿನ ಖರ್ಚು, ಖಾನಾವಳಿಯ ಖರ್ಚು, ಫೀ, ಪುಸ್ತಕ. ಗೇಣಿ ಮಾಡುವವನ ಮಗನಿಗೆ ಎಲ್ಲಿಂದ ಬರಬೇಕು? ಪೋರ್ಚುಗೀಸ್ ಬಾರದವನಿಗೆ ಲಿಸೇವು ಮುಚ್ಚಿತ್ತು, ರೊಕ್ಕ ಇಲ್ಲದವನಿಗೆ ಧಾರವಾಡ ದೂರವಿತ್ತು. ಇದು ಎರಡನೆಯ ಕೀಲಿ. 1955ರಲ್ಲಿ ಗೋವಾ ವಿಮೋಚನೆಯ ಸತ್ಯಾಗ್ರಹದ ನಂತರ ಭಾರತ ಸರ್ಕಾರ ಗಡಿ ಬಿಗಿ ಮಾಡಿತು, ರೈಲು ನಿಂತಿತು. ಆಗ ರೊಕ್ಕ ಇದ್ದವನ ದಾರಿಯೂ ಇಕ್ಕಟ್ಟಾಯಿತು.

1961ರಲ್ಲಿ ಗೋವಾ ಬಿಡುಗಡೆಯಾದಾಗ ಲೆಕ್ಕ ಹೇಗಿತ್ತು ನೋಡ್ರಿ. ಸುಮಾರು ಆರು ಲಕ್ಷ ಜನಸಂಖ್ಯೆ. ಓದು ಬರಹ ಬಲ್ಲವರು ನೂರಕ್ಕೆ ಸುಮಾರು 31. ವೈದ್ಯಕೀಯ ಶಾಲೆ ಇತ್ತು, ಲಿಸೇವು ಇತ್ತು. ಆದರೆ ಕಲೆ ಮತ್ತು ವಿಜ್ಞಾನದ ಪದವಿ ಕೊಡುವ ಒಂದೇ ಒಂದು ಸಾಮಾನ್ಯ ಕಾಲೇಜು ಇಡೀ ಗೋವಾದಲ್ಲಿ ಇರಲಿಲ್ಲ. ನಾಲ್ಕೂವರೆ ಶತಮಾನದ ಆಳ್ವಿಕೆ ಬಿಟ್ಟುಹೋದ ಲೆಕ್ಕ ಅದು.

ಬದಲಾವಣೆ ಬೇಗ ಬಂತು. 1962ರಲ್ಲೇ ಪಣಜಿಯಲ್ಲಿ ಧೆಂಪೆ ಕಾಲೇಜು, ಮಡಗಾಂವದಲ್ಲಿ ಚೌಗುಲೆ ಕಾಲೇಜು ಶುರುವಾದವು. ಎರಡರ ಹಿಂದೆಯೂ ಗಣಿ ಉದ್ಯಮದ ಮನೆತನಗಳಿದ್ದವು. 1963ರಲ್ಲಿ ಮಾಪುಸಾದಲ್ಲಿ ಸೇಂಟ್ ಝೇವಿಯರ್ ಕಾಲೇಜು, 1964ರಲ್ಲಿ ನುವೆಂನಲ್ಲಿ ಹೆಣ್ಣುಮಕ್ಕಳಿಗೆ ಕಾರ್ಮೆಲ್ ಕಾಲೇಜು. ಇವೆಲ್ಲ ಮುಂಬಯಿ ವಿಶ್ವವಿದ್ಯಾಲಯಕ್ಕೆ ಸೇರಿದ್ದವು. ಅದೇ ಹೊತ್ತಿಗೆ, 1963ರ ಕೊನೆಗೆ, ದಯಾನಂದ ಬಾಂದೋಡಕರ್ ಮೊದಲ ಮುಖ್ಯಮಂತ್ರಿಯಾದರು. ಹಿಂದುಳಿದ ಸಮಾಜದಿಂದ ಬಂದ ಅವರು ಹಳ್ಳಿ ಹಳ್ಳಿಗೆ ಸರ್ಕಾರಿ ಪ್ರಾಥಮಿಕ ಶಾಲೆ ಮುಟ್ಟಿಸಿದರು. ಅವು ಹೆಚ್ಚಾಗಿ ಮರಾಠಿ ಶಾಲೆಗಳು. ಭಾಟಕಾರನ ತೋಟದ ಆಳಿನ ಮಗ ಮೊದಲ ಸಲ ಸ್ಲೇಟು ಹಿಡಿದದ್ದು ಆಗ.

ಆ ಕಾಲದಲ್ಲಿ ಎಸ್ಸೆಸ್ಸಿ ಅಂದರೆ ಹನ್ನೊಂದು ವರ್ಷದ ಶಾಲೆ. ಪರೀಕ್ಷೆ ನಡೆಸುತ್ತಿದ್ದದ್ದು ಪುಣೆಯ ಬೋರ್ಡು. ಪಾಸಾದವರು ನೇರವಾಗಿ ಕಾಲೇಜಿಗೆ ಹೋಗಬೇಕು. ಕಾಲೇಜು ಇದ್ದದ್ದು ಪಣಜಿ, ಮಡಗಾಂವ, ಮಾಪುಸಾದಂಥ ಊರುಗಳ ಸುತ್ತ ಮಾತ್ರ. ಕಾಣಕೋಣ, ಸಾಂಗೆ, ಸತ್ತರಿ ತಾಲೂಕಿನ ಕಾಡು ಹಳ್ಳಿಯ ಹುಡುಗಿಗೆ ಆ ಕಾಲೇಜು ಧಾರವಾಡದಷ್ಟೇ ದೂರ.

ಇದನ್ನು ಬದಲಾಯಿಸಿದ್ದು 10+2 ಪದ್ಧತಿ. 1964ರಿಂದ 66ರವರೆಗೆ ಕೆಲಸ ಮಾಡಿದ ಕೊಠಾರಿ ಆಯೋಗ ಇಡೀ ದೇಶಕ್ಕೆ ಹತ್ತು ವರ್ಷದ ಶಾಲೆ, ಎರಡು ವರ್ಷದ ಹೈಯರ್ ಸೆಕೆಂಡರಿ, ಮೂರು ವರ್ಷದ ಪದವಿ ಇರಲಿ ಎಂದು ಸಲಹೆ ಕೊಟ್ಟಿತ್ತು. 1975ರ ಮೇ 27ರಂದು ಗೋವಾಕ್ಕೆ ತನ್ನದೇ ಮಾಧ್ಯಮಿಕ ಮತ್ತು ಉಚ್ಚ ಮಾಧ್ಯಮಿಕ ಶಿಕ್ಷಣ ಬೋರ್ಡು ಬಂತು. ಹನ್ನೊಂದು ಹನ್ನೆರಡನ್ನು ಹೈಸ್ಕೂಲಿನ ಜೊತೆಗೇ ನಡೆಸುವ ಅವಕಾಶ ಆಯಿತು. ಹಳ್ಳಿಯ ಹೈಸ್ಕೂಲಿನ ಪಕ್ಕದಲ್ಲಿ ನಾಲ್ಕು ಕೋಣೆ ಕಟ್ಟಿದರೆ ಅಲ್ಲೇ ಹೈಯರ್ ಸೆಕೆಂಡರಿ. ಬಾಗಿಲು ಶಹರ ಬಿಟ್ಟು ಹಳ್ಳಿಗೆ ಬಂದಿತು. 1985ರಲ್ಲಿ ಗೋವಾ ವಿಶ್ವವಿದ್ಯಾಲಯ, 1987ರ ಮೇ 30ಕ್ಕೆ ಗೋವಾ ಪೂರ್ಣ ರಾಜ್ಯ. ಒಂದು ತಲೆಮಾರಿನೊಳಗೆ ಆ ಪುಟ್ಟ ನಾಡು ಶಿಕ್ಷಣದಲ್ಲಿ ದೇಶದ ಮುಂದಿನ ಸಾಲಿಗೆ ಬಂದು ನಿಂತಿತು. ಇಲ್ಲಿ ಕೀಲಿ ಅಂಕ. ಯಾರ ಮಗನಾದರೂ ಆಗಲಿ, ಹತ್ತನೆಯಲ್ಲಿ ಅಂಕ ಎಷ್ಟು ಎಂಬುದು ಪ್ರಶ್ನೆ. ಹಿಂದಿನ ಎರಡು ಕೀಲಿಗೆ ಹೋಲಿಸಿದರೆ ಇದು ನ್ಯಾಯವಾದ ಕೀಲಿ ಎನ್ನಬೇಕು.

ನಮ್ಮವರು ದೊಡ್ಡ ಸಂಖ್ಯೆಯಲ್ಲಿ ಗೋವಾಕ್ಕೆ ಹೋದದ್ದೂ ಇದೇ ಕಾಲದಲ್ಲಿ. ಬಂದರು ಬೆಳೆಯಿತು, ಗಣಿ ಬೆಳೆಯಿತು, 1970ರ ದಶಕದಲ್ಲಿ ಝುವಾರಿಯ ರಸಗೊಬ್ಬರ ಕಾರ್ಖಾನೆ ನಡೆಯತೊಡಗಿತು, ಆಮೇಲೆ ಹೋಟೆಲು, ಕಟ್ಟಡ. ಅಲ್ಲಿನ ಮಕ್ಕಳು ಓದಿ ಮೇಲೇರಿದಂತೆ ಕೆಳಗಿನ ಕೆಲಸಕ್ಕೆ ಕೈ ಬೇಕಾಯಿತು. ಆ ಕೈ ನಮ್ಮದು. ಕಲ್ಲು ಹೊರುವವನಿಗೆ, ಸಿಮೆಂಟು ಕಲಸುವವಳಿಗೆ ಯಾರೂ ಕಾಗದ ಕೇಳಲಿಲ್ಲ. ಕಾಗದ ಕೇಳಿದ್ದು ಅವರ ಮಕ್ಕಳಿಗೆ.

ಮಕ್ಕಳ ಶಾಲೆಯ ದಾರಿ ಮೊದಲಿನಿಂದಲೇ ಅಂಕುಡೊಂಕು. ಪ್ರಾಥಮಿಕ ಹಂತದಲ್ಲಿ ಅಲ್ಲಿ ಕೆಲವು ಕನ್ನಡ ಶಾಲೆಗಳಿವೆ. ಆದರೆ ಸರ್ಕಾರಿ ಶಾಲೆಗಳಲ್ಲಿ ಹೆಚ್ಚಿನವು ಮರಾಠಿ, ಕೊಂಕಣಿ. 1990ರಲ್ಲಿ ಅಲ್ಲಿನ ಸರ್ಕಾರ ಪ್ರಾಥಮಿಕ ಶಾಲೆಗೆ ಅನುದಾನ ಬೇಕಾದರೆ ನಾಡಭಾಷೆಯಲ್ಲೇ ಕಲಿಸಬೇಕು ಎಂದಿತು. 2011ರಲ್ಲಿ ಇಂಗ್ಲಿಷ್ ಶಾಲೆಗಳಿಗೂ ಅನುದಾನ ಎಂದಾಗ ದೊಡ್ಡ ಗದ್ದಲವಾಯಿತು. ಇದೆಲ್ಲ ಕೊಂಕಣಿ, ಮರಾಠಿ, ಇಂಗ್ಲಿಷ್ ನಡುವಿನ ಜಗಳ. ಕನ್ನಡದ ಮಗು ಈ ಜಗಳದ ಲೆಕ್ಕದಲ್ಲೇ ಇರಲಿಲ್ಲ. ಐದನೆಯ ಇಯತ್ತೆಯಿಂದ ಓದು ಹೆಚ್ಚುಕಡಿಮೆ ಇಂಗ್ಲಿಷಿನಲ್ಲೇ. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಹಿಂದಿ, ಪೇಟೆಯಲ್ಲಿ ಕೊಂಕಣಿ, ಪಾಠ ಇಂಗ್ಲಿಷ್. ಪೋರ್ಚುಗೀಸರ ಕಾಲದ ಮೊದಲ ಕೀಲಿ ಬೇರೆ ವೇಷದಲ್ಲಿ ಇನ್ನೂ ಉಳಿದಿದೆ. ಆದರೂ ಎಷ್ಟೋ ಮಕ್ಕಳು ಇದನ್ನೆಲ್ಲ ದಾಟಿ ಹತ್ತನೆಯದು ಪಾಸಾಗುತ್ತಾರೆ. ಅವರಿಗೆ ಶಾಬಾಶ್ ಹೇಳಬೇಕು.

ಈಗ ಇವತ್ತಿನ ಪದ್ಧತಿಗೆ ಬರೋಣ. ಗೋವಾ ಬೋರ್ಡಿನ ಹತ್ತನೆಯ ಪರೀಕ್ಷೆಗೆ ಇತ್ತೀಚೆಗೆ ವರ್ಷಕ್ಕೆ ಸುಮಾರು 19, 20 ಸಾವಿರ ಮಕ್ಕಳು ಕೂಡುತ್ತಾರೆ. ಫಲಿತಾಂಶ ಬಂದ ಕೂಡಲೇ ಹನ್ನೊಂದಕ್ಕೆ ಓಟ. ಮುಂಬಯಿಯಲ್ಲಿ 2009ರಿಂದ ಹನ್ನೊಂದನೆಯ ಪ್ರವೇಶವನ್ನು ಒಂದೇ ಆನ್‌ಲೈನ್ ಪಟ್ಟಿಯಲ್ಲಿ ನಡೆಸುತ್ತಾರೆ. ಗೋವಾದಲ್ಲಿ ಡಿಪ್ಲೊಮಾದ ಪ್ರವೇಶ ತಾಂತ್ರಿಕ ಶಿಕ್ಷಣ ಇಲಾಖೆಯ ಮೂಲಕ ಒಟ್ಟಿಗೆ ನಡೆಯುತ್ತದೆ. ಹೈಯರ್ ಸೆಕೆಂಡರಿಯದು ಹಾಗಲ್ಲ, ಶಿಕ್ಷಣ ಇಲಾಖೆಯ ನಿಯಮದೊಳಗೆ ಆಯಾ ಶಾಲೆಯೇ ಅರ್ಜಿ ಕೊಡುತ್ತದೆ, ಅಂಕ ನೋಡಿ ಸೇರಿಸಿಕೊಳ್ಳುತ್ತದೆ. ಕಲೆ, ವಾಣಿಜ್ಯ, ವಿಜ್ಞಾನ, ವೃತ್ತಿ ಶಿಕ್ಷಣ ಎಂದು ನಾಲ್ಕು ದಾರಿ. ಹೆಸರಾದ ಶಾಲೆಯ ವಿಜ್ಞಾನಕ್ಕೆ ಹೆಚ್ಚು ಅಂಕ ಬೇಕು. 2021ರಲ್ಲಿ ಕೊರೊನಾದಿಂದ ಹತ್ತನೆಯ ಪರೀಕ್ಷೆ ರದ್ದಾದಾಗ, ವಿಜ್ಞಾನ ಮತ್ತು ಡಿಪ್ಲೊಮಾಕ್ಕೆ ಹೋಗುವವರಿಗೆ ಬೇರೆ ಪ್ರವೇಶ ಪರೀಕ್ಷೆ ಮಾಡುತ್ತೇವೆ ಎಂದು ಸರ್ಕಾರ ಘೋಷಿಸಿತ್ತು. ಅಂಕವೇ ಇಲ್ಲದಿದ್ದರೆ ಈ ಬಾಗಿಲು ಏನು ಮಾಡಬೇಕೆಂದು ತಿಳಿಯದಷ್ಟು ಅಂಕದ ಮೇಲೆ ನಿಂತಿದೆ ಎಂಬುದು ಇದರಿಂದ ಗೊತ್ತಾಗುತ್ತದೆ.

ಆದರೆ ಅಂಕಪಟ್ಟಿ ಹಿಡಿದು ಕೌಂಟರಿಗೆ ಹೋದಾಗ ಅಂಕದ ಜೊತೆ ಇನ್ನೂ ಏನೇನೋ ಕೇಳುತ್ತಾರೆ. ಶಾಲೆ ಬಿಟ್ಟ ದಾಖಲೆ, ಹುಟ್ಟಿದ ದಾಖಲೆ, ಆಧಾರ್, ಮೀಸಲಾತಿ ಬೇಕಾದರೆ ಜಾತಿ ಪ್ರಮಾಣಪತ್ರ. ಕರ್ನಾಟಕದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಗೋವಾದಲ್ಲಿ ಹನ್ನೊಂದಕ್ಕೆ ಸೇರುವವರು ಇಲ್ಲಿನ ಬೋರ್ಡಿನ ವಲಸೆ ಪ್ರಮಾಣಪತ್ರ ತಂದು ಗೋವಾ ಬೋರ್ಡಿನಿಂದ ಅರ್ಹತೆಯ ಪತ್ರ ಪಡೆಯಬೇಕು. ಇದು ನಾಲ್ಕನೆಯ ಕೀಲಿ, ಕಾಗದ.

ಇಲ್ಲಿ ಕಾಯ್ದೆಯ ಒಂದು ಸೂಕ್ಷ್ಮ ಇದೆ, ಶಿಕ್ಷಕರೂ ಪಾಲಕರೂ ತಿಳಿದಿರಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ವಯಸ್ಸಿನ ದಾಖಲೆ ಇಲ್ಲ ಎಂದು ಮಗುವನ್ನು ಶಾಲೆಗೆ ಸೇರಿಸಿಕೊಳ್ಳದೆ ಇರುವಂತಿಲ್ಲ, ಟಿ.ಸಿ. ತಡವಾಯಿತು ಎಂದು ಹೊರಗೆ ನಿಲ್ಲಿಸುವಂತಿಲ್ಲ. ಬಹಳ ಒಳ್ಳೆಯ ಮಾತು. ಆದರೆ ಆ ಕಾಯ್ದೆಯ ನೆರಳು ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ, ಎಂಟನೆಯ ಇಯತ್ತೆಯವರೆಗೆ. ಎಂಟು ವರ್ಷ ಯಾರೂ ಬಿಗಿಯಾಗಿ ಕಾಗದ ಕೇಳದೆ ಇದ್ದದ್ದರಿಂದ ಪಾಲಕರೂ ನಿಶ್ಚಿಂತೆಯಿಂದ ಇದ್ದುಬಿಡುತ್ತಾರೆ. ಮೊದಲ ಸಲ ಎಲ್ಲ ಕಾಗದವೂ ಒಟ್ಟಿಗೆ ಬೇಕಾಗುವುದು ಹತ್ತು, ಹನ್ನೊಂದರ ಹೊಸ್ತಿಲಲ್ಲಿ. ಆಗ ಕೈಯಲ್ಲಿರುವುದು ನಾಲ್ಕೇ ದಿನ.

ಇನ್ನು ಜಾತಿ ಪ್ರಮಾಣಪತ್ರದ ವಿಷಯ. ನಮ್ಮಲ್ಲಿ ಲಂಬಾಣಿಗರು, ಭೋವಿ ವಡ್ಡರು ಪರಿಶಿಷ್ಟ ಜಾತಿಯ ಪಟ್ಟಿಯಲ್ಲಿದ್ದಾರೆ. ಗೋವಾದಲ್ಲಿ ಕಟ್ಟಡಕ್ಕೆ ಕಲ್ಲು ಒಡೆಯುವವರಲ್ಲಿ, ಸಮುದ್ರದಂಡೆಯಲ್ಲಿ ಬಟ್ಟೆ, ಮಣಿಸರ ಮಾರುವವರಲ್ಲಿ ಇವರೇ ಬಹಳ. ಆದರೆ ಗೋವಾದ ಪರಿಶಿಷ್ಟ ಜಾತಿಗಳ ಪಟ್ಟಿ ಬೇರೆ. 1968ರ ಆದೇಶದಲ್ಲಿ ಇರುವುದು ಐದೇ ಹೆಸರು: ಭಂಗಿ, ಚಾಂಭಾರ, ಮಹಾರ, ಮಹ್ಯಾವಂಶಿ, ಮಾಂಗ. ಸಂವಿಧಾನದ 341 ಮತ್ತು 342ನೆಯ ವಿಧಿಗಳ ಪ್ರಕಾರ ಈ ಪಟ್ಟಿ ಆಯಾ ರಾಜ್ಯಕ್ಕೆ ಮಾತ್ರ. 1990ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಒಂದು ಪ್ರಕರಣ ಬಂತು. ಆಂಧ್ರದಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದ ಹುಡುಗ, ತಂದೆಯ ನೌಕರಿಯಿಂದಾಗಿ ಚಿಕ್ಕಂದಿನಲ್ಲೇ ಮುಂಬಯಿಗೆ ಬಂದವನು, ಅಲ್ಲಿ ವೈದ್ಯಕೀಯ ಸೀಟಿಗೆ ಮೀಸಲಾತಿ ಕೇಳಿದ. ಒಂದು ರಾಜ್ಯದ ಮೀಸಲಾತಿಯನ್ನು ಇನ್ನೊಂದು ರಾಜ್ಯಕ್ಕೆ ಹೊತ್ತೊಯ್ಯಲು ಬರುವುದಿಲ್ಲ ಎಂದು ಕೋರ್ಟು ತೀರ್ಪು ಕೊಟ್ಟಿತು. 2018ರಲ್ಲಿ ಐವರು ನ್ಯಾಯಾಧೀಶರ ಪೀಠ ಅದನ್ನೇ ಮತ್ತೆ ಎತ್ತಿಹಿಡಿಯಿತು. ಹೀಗಾಗಿ ಘಟ್ಟದ ಮೇಲೆ ಪರಿಶಿಷ್ಟ ಜಾತಿಯಾಗಿದ್ದ ಮಗು ಘಟ್ಟದ ಕೆಳಗೆ ಸಾಮಾನ್ಯ ವರ್ಗದ ಸಾಲಿನಲ್ಲಿ ನಿಲ್ಲುತ್ತದೆ. ಬಡತನ ಅದರ ಜೊತೆಗೇ ಘಟ್ಟ ಇಳಿದಿರುತ್ತದೆ, ಮೀಸಲಾತಿ ಮಾತ್ರ ಮೇಲೆಯೇ ಉಳಿಯುತ್ತದೆ.

ಇದಕ್ಕೆ ಗೋವಾದವರ ಮೇಲೆ ಸಿಟ್ಟಾಗುವುದು ಸರಿಯಲ್ಲ. ಅವರ ಮಾತಿನಲ್ಲೂ ಹುರುಳಿದೆ. ಅಲ್ಲಿನ ಮೂಲ ನಿವಾಸಿಗಳಾದ ಗಾವಡಾ, ಕುಣಬಿ, ವೇಳೀಪ ಜನ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ, ಬಹಳ ವರ್ಷದ ಹೋರಾಟದ ಮೇಲೆ. ಗೋವಾದಲ್ಲಿ ಮೀಸಲಾತಿ ಪರಿಶಿಷ್ಟ ಜಾತಿಗೆ ನೂರಕ್ಕೆ 2, ಪಂಗಡಕ್ಕೆ 12, ಇತರ ಹಿಂದುಳಿದವರಿಗೆ 27. ಜಾತಿಗೆ ಇರುವುದೇ ಎರಡು. ಹೊರಗಿನಿಂದ ಬಂದವರೆಲ್ಲ ಅದರಲ್ಲಿ ಪಾಲು ಕೇಳಿದರೆ ಅಲ್ಲಿನ ಮಹಾರನ ಮಗ ಎಲ್ಲಿಗೆ ಹೋಗಬೇಕು? ಕೋರ್ಟು ನೋಡಿದ್ದೂ ಇದನ್ನೇ. ಆದರೆ ಅಲ್ಲೇ ಹುಟ್ಟಿ, ಅಲ್ಲೇ ಬೆಳೆದು, ಕೊಂಕಣಿ ಹಾಡು ಹಾಡುವ ಮೂರನೆಯ ತಲೆಮಾರಿನ ಲಂಬಾಣಿ ಹುಡುಗಿ ಯಾವ ರಾಜ್ಯದವಳು ಎಂಬ ಪ್ರಶ್ನೆಗೆ ಉತ್ತರ ಇನ್ನೂ ಯಾರೂ ಕೊಟ್ಟಿಲ್ಲ. ಊರಿನಲ್ಲಿ ಅವಳ ಮನೆ ಬಿದ್ದುಹೋಗಿರುತ್ತದೆ, ಗೋವಾದ ಪಟ್ಟಿಯಲ್ಲಿ ಅವಳ ಹೆಸರಿರುವುದಿಲ್ಲ. ಇಬ್ಬರು ಬಡವರ ನಡುವೆ ನ್ಯಾಯ ಹಂಚುವುದು ಇಬ್ಬರು ಶ್ರೀಮಂತರ ನಡುವೆ ಆಸ್ತಿ ಹಂಚುವುದಕ್ಕಿಂತ ಕಷ್ಟ.

ಕಾಯ್ದೆ ಬದಲಾಗುವುದು ನಮ್ಮ ಕೈಯಲ್ಲಿ ಇಲ್ಲ. ನಮ್ಮ ಕೈಯಲ್ಲಿರುವುದೇನು? ಬಹಳಷ್ಟು ಇದೆ, ಅದೂ ನಮ್ಮ ಊರಿನ ಶಾಲೆಯಲ್ಲೇ ಇದೆ.

ಮೊದಲನೆಯದು ಹೆಸರು ಮತ್ತು ಹುಟ್ಟಿದ ದಿನ. ನಮ್ಮ ಹಳ್ಳಿಗಳಲ್ಲಿ ಎಷ್ಟು ಜನ ಜೂನ್ 1ಕ್ಕೆ ಹುಟ್ಟಿದ್ದಾರೆ ಲೆಕ್ಕ ಹಾಕಿ ನೋಡಿ! ದಿನ ಗೊತ್ತಿಲ್ಲದಾಗ ಮಾಸ್ತರರು ಬರೆದ ದಿನ ಅದು. ಆ ತಲೆಮಾರಿಗೆ ನಡೆಯಿತು, ಈಗ ನಡೆಯುವುದಿಲ್ಲ. ಜನನ ಮರಣ ನೋಂದಣಿ ಕಾಯ್ದೆಗೆ ತಿದ್ದುಪಡಿಯಾಗಿ, 2023ರ ಅಕ್ಟೋಬರ್ 1ರ ನಂತರ ಹುಟ್ಟಿದ ಮಕ್ಕಳಿಗೆ ಶಾಲೆ ಸೇರುವುದರಿಂದ ಹಿಡಿದು ಎಲ್ಲಕ್ಕೂ ಜನನ ಪ್ರಮಾಣಪತ್ರವೇ ಆಧಾರ. ಇನ್ನು ಹೆಸರು. ಆಧಾರದಲ್ಲಿ ಯಲ್ಲವ್ವ, ಟಿ.ಸಿ.ಯಲ್ಲಿ ಯಲ್ಲಮ್ಮ. ಇಲ್ಲಿ ಅಡ್ಡಹೆಸರು ಮೊದಲು, ಅಲ್ಲಿ ಕೊನೆಗೆ. ಒಂದು ಕಡೆ ತಂದೆಯ ಹೆಸರು ಪೂರ್ತಿ, ಇನ್ನೊಂದು ಕಡೆ ಒಂದೇ ಅಕ್ಷರ. ಮನೆಯವರಿಗೆ ಇದು ಒಂದೇ ಮಗು. ಕೌಂಟರಿನಲ್ಲಿ ಕೂತವರಿಗೆ ಮೂರು ಬೇರೆ ಮಕ್ಕಳು. ಹೆಸರು ತಿದ್ದಿಸುವುದು ಹತ್ತನೆಯ ಪರೀಕ್ಷೆಯ ಅರ್ಜಿ ತುಂಬುವ ಮೊದಲು ಸುಲಭ, ಅಂಕಪಟ್ಟಿ ಅಚ್ಚಾದ ಮೇಲೆ ಬಹಳ ಕಷ್ಟ. ಒಂಬತ್ತನೆಯ ಇಯತ್ತೆಯಲ್ಲಿರುವಾಗಲೇ ಎಲ್ಲ ಕಾಗದ ಒಂದರ ಪಕ್ಕ ಒಂದು ಇಟ್ಟು ನೋಡಬೇಕು.

ಎರಡನೆಯದು ಟಿ.ಸಿ. ಸುಗ್ಗಿ ಮುಗಿದ ಮೇಲೆ ಮಕ್ಕಳನ್ನು ಕರೆದುಕೊಂಡು ಹೇಳದೆ ಕೇಳದೆ ಹೊರಡುವ ಕುಟುಂಬಗಳು ಬಹಳ. ಹೋಗುವ ಮುಂಚೆ ಶಾಲೆಗೆ ಬಂದು ಟಿ.ಸಿ. ಒಯ್ಯಿರಿ. ಶಿಕ್ಷಕರೂ ಅಷ್ಟೇ, ನಾಳೆ ಬಾ, ನಾಡಿದ್ದು ಬಾ ಅನ್ನಬಾರದು. ತಕ್ಷಣ ಕೊಡಬೇಕು ಎಂದು ಶಿಕ್ಷಣ ಹಕ್ಕು ಕಾಯ್ದೆಯೇ ಹೇಳುತ್ತದೆ.

ಮೂರನೆಯದು ಜಾತಿ ಪ್ರಮಾಣಪತ್ರ. ಗೋವಾದ ಮೀಸಲಾತಿಗೆ ನಡೆಯದು ಎಂದು ಅದನ್ನು ಮೂಲೆಗೆ ಎಸೆಯಬೇಡಿ. ಕೇಂದ್ರ ಸರ್ಕಾರದ ಸಂಸ್ಥೆಗಳಲ್ಲಿ, ಕೇಂದ್ರದ ನೌಕರಿಗಳಲ್ಲಿ ತವರು ರಾಜ್ಯದ ಪರಿಶಿಷ್ಟ ಜಾತಿಯ ಪತ್ರ ನಡೆಯುತ್ತದೆ. ಹತ್ತನೆಯ ನಂತರ ಓದುವ ಪರಿಶಿಷ್ಟ ಮಕ್ಕಳ ವಿದ್ಯಾರ್ಥಿವೇತನವನ್ನು ಹೊರ ರಾಜ್ಯದಲ್ಲಿ ಓದುತ್ತಿದ್ದರೂ ತವರು ರಾಜ್ಯವೇ ಕೊಡಬೇಕು ಎಂಬುದು ಯೋಜನೆಯ ನಿಯಮ. ಅದಕ್ಕೆ ನಾಡಕಚೇರಿಯಿಂದ ಪಡೆದ ಪತ್ರ, ಊರಿನ ಪಡಿತರ ಚೀಟಿ ಜೀವಂತ ಇರಬೇಕು. ಗೋವಾದಲ್ಲೇ ನೆಲೆಸುವವರು ಅಲ್ಲಿನ ಮಾಮಲೇದಾರ ಕಚೇರಿಯ ನಿವಾಸ ಪತ್ರಕ್ಕೆ ಬೇಕಾದ ದಾಖಲೆಗಳನ್ನೂ ವರ್ಷ ವರ್ಷ ಕೂಡಿಸಿಡಬೇಕು. ಅಲ್ಲಿ ಸರ್ಕಾರಿ ನೌಕರಿಗೆ ಹದಿನೈದು ವರ್ಷ ವಾಸವಿದ್ದ ಪುರಾವೆ ಕೇಳುತ್ತಾರೆ. ಬಾಡಿಗೆ ಮನೆ ಬದಲಾದಾಗಲೆಲ್ಲ ಹಳೆಯ ಚೀಟಿ ಬಿಸಾಡುವವರಿಗೆ ಆ ಹದಿನೈದು ವರ್ಷ ಎಂದೂ ತುಂಬುವುದಿಲ್ಲ.

ನಾಲ್ಕನೆಯದು ಮುಂಚಿತವಾಗಿ ಮಾತಾಡುವುದು. ಇಂಗ್ಲೆಂಡಿನ ಸಿಕ್ಸ್ತ್ ಫಾರ್ಮ್ ಕಾಲೇಜುಗಳಲ್ಲಿ ಒಂದು ಒಳ್ಳೆಯ ರೂಢಿ ಇದೆ. ಹದಿನಾರನೆಯ ವಯಸ್ಸಿನ ಪರೀಕ್ಷೆಗೆ ಎಷ್ಟೋ ತಿಂಗಳ ಮೊದಲೇ ಮಕ್ಕಳು ಅರ್ಜಿ ಹಾಕುತ್ತಾರೆ, ಕಾಲೇಜಿನವರು ಕೂರಿಸಿ ಮಾತಾಡಿಸುತ್ತಾರೆ, ಇಷ್ಟು ಅಂಕ ಬಂದರೆ ಈ ವಿಷಯ ಕೊಡುತ್ತೇವೆ ಎಂದು ಷರತ್ತಿನ ಒಪ್ಪಿಗೆ ಕೊಡುತ್ತಾರೆ. ಫಲಿತಾಂಶ ಬಂದ ಮೇಲೆ ಉಳಿಯುವುದು ಹೆಸರು ನೋಂದಿಸುವುದಷ್ಟೇ. ನಮ್ಮಲ್ಲಾಗಲಿ ಗೋವಾದಲ್ಲಾಗಲಿ ಆ ಪದ್ಧತಿ ಇಲ್ಲ. ಆದರೆ ಮಗುವಿನ ಜೊತೆ ಮಾತಾಡಲು ಯಾವ ಸರ್ಕಾರದ ಅಪ್ಪಣೆಯೂ ಬೇಡ. ವಿಜ್ಞಾನವೇ ಶ್ರೇಷ್ಠ, ಉಳಿದದ್ದು ಕನಿಷ್ಠ ಎಂಬ ಮಾತು ಬಿಟ್ಟು, ಯಾವ ಶಾಲೆ ಹತ್ತಿರ, ಯಾವುದರಲ್ಲಿ ಬಸ್ಸಿನ ಅನುಕೂಲ, ವೃತ್ತಿ ಶಿಕ್ಷಣದಲ್ಲಿ ಏನಿದೆ, ಐ.ಟಿ.ಐ., ಡಿಪ್ಲೊಮಾದಲ್ಲಿ ಏನಿದೆ ಎಂದು ದೀಪಾವಳಿಗೆ ಊರಿಗೆ ಬಂದಾಗಲೇ ಕೇಳಿಕೊಳ್ಳಬೇಕು. ಆಗ ನಮ್ಮ ಶಿಕ್ಷಕರೂ ಊರಲ್ಲಿರುತ್ತಾರೆ. ಅಣ್ಣಾ, ಅಕ್ಕಾ ಎಂದು ಕೇಳಿದರೆ ಯಾರೂ ಇಲ್ಲ ಅನ್ನುವುದಿಲ್ಲ.

ಇದನ್ನು ಓದುತ್ತಿರುವ ಮಾಸ್ತರರು, ಅಕ್ಕೋರು ಒಂದು ಸಣ್ಣ ಕೆಲಸ ಮಾಡಬಹುದು. ನಿಮ್ಮ ಶಾಲೆಯಿಂದ ಕಳೆದ ಹತ್ತು ವರ್ಷದಲ್ಲಿ ಗೋವಾಕ್ಕೆ ಹೋದ ಮಕ್ಕಳ ಪಟ್ಟಿ ಮಾಡಿ. ದಾಖಲಾತಿ ಪುಸ್ತಕದಲ್ಲಿ ಅವರ ಹೆಸರು, ತಂದೆಯ ಹೆಸರು, ಹುಟ್ಟಿದ ದಿನ ಸರಿಯಿದೆಯೇ ನೋಡಿ. ಲಿಸೇವಿನ ಬಾಗಿಲಲ್ಲಿ ಭಾಷೆ ಬಾರದವನಿಗೆ ಯಾರೂ ಸಹಾಯ ಮಾಡುವಂತಿರಲಿಲ್ಲ, ಅದು ಮನೆಯಿಂದ ಬರಬೇಕಾದ ಸಂಪತ್ತು. ರೊಕ್ಕ ಇಲ್ಲದವನಿಗೆ ಮುಷ್ಟಿ ಎತ್ತಿ ಕೊಟ್ಟರು. ಇವತ್ತಿನ ಕೀಲಿ ಕಾಗದ, ಅದರ ಅರ್ಧ ಭಾಗ ನಮ್ಮ ಶಾಲೆಯ ಕಪಾಟಿನಲ್ಲಿದೆ. ಅದನ್ನು ತೆಗೆದು ಧೂಳು ಒರೆಸಿ ಸರಿಪಡಿಸಿ ಕೊಡಲು ಒಂದು ಮಧ್ಯಾಹ್ನ ಸಾಕು.